ಬೆಳಗ್ಗೆ ಅಳೆದ ಸ್ಟಿಂಪ್, ಮಧ್ಯಾಹ್ನ ನಿಲ್ಲದ ಚೆಂಡು

ನಮ್ಮ ಗಾಲ್ಫ್ ಕೋರ್ಸ್‌ನಲ್ಲಿ ಚಾಂಪಿಯನ್‌ಶಿಪ್‌ನ ಕೊನೆಯ ದಿನ, ಮಧ್ಯಾಹ್ನ ಒಂದೂವರೆ. ರೇಡಿಯೋದಲ್ಲಿ ನಮ್ಮ ಹುಡುಗನ ದನಿ: "ಸರ್, ರೆಡಾನ್‌ನಲ್ಲಿ ಚೆಂಡು ನಿಲ್ತಾ ಇಲ್ಲ, ಬೇಗ ಬನ್ನಿ." ನಾನು ಹೋಗಿ ನಿಂತಾಗ ಒಬ್ಬ ಆಟಗಾರ ಕಪ್‌ಗಿಂತ ನಾಲ್ಕು ಅಡಿ ಮೇಲಿಂದ ಪಟ್ ಮಾಡುತ್ತಿದ್ದ. ಮೆಲ್ಲಗೆ ಮುಟ್ಟಿಸಿದ್ದಷ್ಟೇ. ಚೆಂಡು ಕಪ್ಪಿನ ಅಂಚು ಸವರಿತು, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಉರುಳಿ ಗ್ರೀನ್ (ಕಪ್ ಸುತ್ತಲಿನ ಗಿಡ್ಡ ಹುಲ್ಲಿನ ಜಾಗ) ದಾಟಿ ಹಿಂದಿನ ಬಂಕರ್‌ಗೆ, ಅಂದರೆ ಮರಳಿನ ಗುಂಡಿಗೆ, ಇಳಿಯಿತು. ಅವನು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಆ ಪಿನ್ (ಕಪ್‌ನಲ್ಲಿ ನೆಟ್ಟ ಬಾವುಟದ ಕೋಲು) ಜಾಗಕ್ಕೆ ಒಪ್ಪಿಗೆ ಕೊಟ್ಟವನು ನಾನೇ.

ರೆಡಾನ್ ಹೋಲ್‌ನ ಮೂಲ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್‌ನ 15ನೇ ಹೋಲ್. ಕ್ರಿಮಿಯಾ ಯುದ್ಧದ ಕೋಟೆಯೊಂದರಿಂದ ಬಂದ ಹೆಸರು ಅದು. ಗ್ರೀನ್ ಮುಂದಿನ ಬಲಗಡೆಯಿಂದ ಹಿಂದಿನ ಎಡಗಡೆಗೆ, ಅಂದರೆ ಆಟಗಾರನಿಂದ ಆಚೆಗೆ, ವಾಲಿರುತ್ತದೆ. ಗ್ರೀನಿನ ಬಲಭುಜದ, ಅಂದರೆ ಎತ್ತರದ ಬಲ ಅಂಚಿನ, ಮೇಲೆ ಬಿದ್ದ ಚೆಂಡು ಉರುಳಿ ಪಿನ್ ಹತ್ತಿರ ಹೋಗಲಿ ಅನ್ನುವುದೇ ಅದರ ವಿನ್ಯಾಸ. ಗಾಲ್ಫ್ ಕೋರ್ಸ್ ವಿನ್ಯಾಸಕ ಚಾರ್ಲ್ಸ್ ಬ್ಲೇರ್ ಮ್ಯಾಕ್‌ಡೊನಾಲ್ಡ್ ಇದನ್ನು ಅಮೆರಿಕಕ್ಕೆ ಒಯ್ದು ನ್ಯಾಷನಲ್ ಗಾಲ್ಫ್ ಲಿಂಕ್ಸ್‌ನ 4ನೇ ಹೋಲ್ ಮಾಡಿದ. ಆ ಕಾಲದ ಹುಲ್ಲು ಇಂದಿನಷ್ಟು ಗಿಡ್ಡವಿರಲಿಲ್ಲ, ಗ್ರೀನ್ ಇಷ್ಟು ಓಡುತ್ತಿರಲಿಲ್ಲ. 1976-77ರಲ್ಲಿ ಅಲ್ಲಿನ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಅಮೆರಿಕದಾದ್ಯಂತ ಅಳೆದಾಗಲೂ ಸರಾಸರಿ ಸ್ಟಿಂಪ್ (ನಿಗದಿತ ಇಳಿಪಟ್ಟಿಯಿಂದ ಬಿಟ್ಟ ಚೆಂಡು ಸಮತಟ್ಟಾದ ಗ್ರೀನಿನಲ್ಲಿ ಓಡುವ ದೂರ) ಆರೂವರೆ ಅಡಿ. ನಮ್ಮ ಕಮಿಟಿಗೆ ಬೇಕಿದ್ದದ್ದು 12.

ಬೆಳಗ್ಗೆ ಡಬಲ್ ಕಟ್ (ಎರಡು ಸಲ ಹುಲ್ಲು ಕತ್ತರಿಕೆ), ಆಮೇಲೆ ಒಂದು ರೋಲ್ (ರೋಲರ್ ಹಾಯಿಸುವುದು). ಒಂಬತ್ತು ಕಡೆ ಮೀಟರ್ ಚುಚ್ಚಿದೆವು, ತೇವಾಂಶ ಸರಾಸರಿ ಶೇ 18. ಗ್ರೀನಿನ ಮುಂಭಾಗದ ಸಮತಟ್ಟಿನಲ್ಲಿ ಮೂರು ಚೆಂಡು ಆಚೆ, ಮೂರು ಈಚೆ: ಸರಿಯಾಗಿ 12. ನಾನು ಬರೆದುಕೊಂಡೆ, ಕಮಿಟಿಗೆ ಹೇಳಿದೆ, ಮುಂದಿನ ಗ್ರೀನಿಗೆ ಹೋದೆ. ನಾನು ಎಡವಿದ್ದು ಇಲ್ಲೇ. ಕಪ್ ಇದ್ದದ್ದು ಹಿಂದಿನ ಎಡಮೂಲೆಯಲ್ಲಿ, ಶೇ 4ರ ಇಳಿಜಾರಿನಲ್ಲಿ. ಸಮತಟ್ಟಿನಲ್ಲಿ 12 ಅಡಿ ಓಡುವ ಚೆಂಡು ಲೆಕ್ಕದ ಪ್ರಕಾರ ಅಲ್ಲಿ ಏರಿಗೆ ಏಳೂವರೆ ಅಡಿ, ಇಳಿಜಾರಿಗೆ ಸುಮಾರು 31 ಅಡಿ ಓಡುತ್ತದೆ. ಸ್ಟಿಂಪ್ 13 ಆದರೆ ಸಮತಟ್ಟಿನಲ್ಲಿ ಹೆಚ್ಚುವುದು ಒಂದೇ ಅಡಿ, ಆದರೆ ಅದೇ ಇಳಿಜಾರಿನಲ್ಲಿ 31 ಹೋಗಿ 38 ದಾಟುತ್ತದೆ. ಗಾಳಿ ಎದ್ದು ಬಿಸಿಲು ಬಿದ್ದರೆ ಒಂದು ಅಡಿ ಏರುವುದು ದೊಡ್ಡ ಮಾತಲ್ಲ. ಮಧ್ಯಾಹ್ನ ಭುಜದಲ್ಲಿ ಮೀಟರ್ ಚುಚ್ಚಿದಾಗ ತೋರಿಸಿದ್ದು ಶೇ 8. ಬೆಳಗಿನ ಸರಾಸರಿ ಆ ಒಣ ಜಾಗವನ್ನು ಮುಚ್ಚಿಟ್ಟಿತ್ತು.

ಕಪ್ ಕದಲಿಸೋಣವೆಂದರೆ ಆಗಲೇ ಹಲವರು ಆಡಿ ಹೋಗಿದ್ದರು. ಒಟ್ಟು ಹೊಡೆತಗಳನ್ನು ಎಣಿಸುವ ಸ್ಟ್ರೋಕ್ ಪ್ಲೇನಲ್ಲಿ ಎಲ್ಲರೂ ಅದೇ ಕಪ್‌ಗೆ ಆಡಬೇಕು. ಉಳಿದದ್ದು ಹೋಸ್ ಒಂದೇ. ರೂಲ್ಸ್ ಅಫಿಶಿಯಲ್ ಒಪ್ಪಿದ ಮೇಲೆ ಗುಂಪು ಗುಂಪಿನ ನಡುವೆ ನೀರು ಹಿಡಿದೆವು. ಎಲೆ ಒದ್ದೆಯಾಗುವಷ್ಟು ಮಾತ್ರ ನೀರು ಚಿಮುಕಿಸಿದರೆ (ಸಿರಿಂಜ್ ಮಾಡಿದರೆ) ಹುಲ್ಲು ತಂಪಾಗುತ್ತದೆ, ಚೆಂಡಿನ ಓಟ ಮಾತ್ರ ತಗ್ಗುವುದಿಲ್ಲ. ಮೇಲ್ಮೈ ಮೆತ್ತಗಾಗುವಷ್ಟು ಕೊಟ್ಟರೆ ಇಳಿಜಾರಿನಲ್ಲಿ ನೀರು ಹರಿದು ಕಪ್ ಸುತ್ತ ನಿಲ್ಲುತ್ತದೆ. ನಳಿಕೆಯನ್ನು ಮೇಲ್ಮುಖವಾಗಿ ಹಿಡಿದು, ಮಳೆಹನಿಯಂತೆ ಬೀಳಿಸಿ, ನಿಲ್ಲಿಸಿ, ಹೀರಿಕೊಳ್ಳಲು ಬಿಟ್ಟು, ಮತ್ತೆ ಕೊಡಬೇಕು. ಟೀ ಮೇಲೆ ಮುಂದಿನ ಗುಂಪು ಕಾಯುತ್ತಿರುವಾಗ ಆ ವ್ಯವಧಾನ ಎಲ್ಲಿಂದ ಬರಬೇಕು? ಮೂರು ಗುಂಪು ಕಳೆದ ಮೇಲೆ ಚೆಂಡು ನಿಲ್ಲತೊಡಗಿತು. ಮೊದಲೇ ಆಡಿ ಹೋದವರಿಗೆ ಅದರಿಂದ ಏನೂ ಸಿಗಲಿಲ್ಲ. 2004ರ ಯುಎಸ್ ಓಪನ್‌ನಲ್ಲಿ ಶಿನಕಾಕ್ ಹಿಲ್ಸ್‌ನ 7ನೇ ಗ್ರೀನಿಗೆ, ಅದೂ ರೆಡಾನ್, ಕೊನೆಯ ದಿನ ಆಟದ ನಡುವೆ ನೀರು ಹಾಕಿದ್ದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಈಗ ಕಪ್ ಕೊರೆಯುವ ಮೊದಲು ಆ ಜಾಗದ ಸುತ್ತ ಮೂರು ಅಡಿಯೊಳಗೆ ಇಳಿಜಾರು ಅಳೆಯುತ್ತೇವೆ. ಸ್ಟಿಂಪ್ 11 ದಾಟುವ ದಿನ ಶೇ 3ಕ್ಕಿಂತ ಹೆಚ್ಚಿದ್ದರೆ ಅಲ್ಲಿ ಪಿನ್ ಇಲ್ಲ. ಭುಜದ ತೇವಾಂಶವನ್ನು ಸರಾಸರಿಗೆ ಸೇರಿಸದೆ ಬೇರೆಯಾಗಿ ಬರೆಯುತ್ತೇವೆ, ಹನ್ನೆರಡಕ್ಕೆ ಇನ್ನೊಮ್ಮೆ ನೋಡುತ್ತೇವೆ. ಕಮಿಟಿ ಇನ್ನೂ ಒಂದೇ ಸಂಖ್ಯೆ ಕೇಳುತ್ತದೆ. ನಾನು ಏರಿನದು, ಇಳಿಜಾರಿನದು ಎರಡನ್ನೂ ಕೊಡುತ್ತೇನೆ.

ಆಮೇಲೆ ಗ್ರೀನಿನಿಂದ ಕೋರ್ (ಮಣ್ಣಿನ ಉದ್ದನೆಯ ಮಾದರಿ) ತೆಗೆದು ನೋಡಿದಾಗ ಇನ್ನೊಂದು ವಿಷಯ ಸಿಕ್ಕಿತು. ಮುಂದಿನ ಅಂಚಿನಲ್ಲಿ ಬಂಕರ್ ಮರಳಿನ ದಪ್ಪ ಪದರವಿದೆ. ಪ್ರತಿ ಬಂಕರ್ ಶಾಟ್‌ಗೂ ಹಿಡಿ ಮರಳು ಹಾರಿ ಬಿದ್ದು, ವರ್ಷಗಟ್ಟಲೆ ಕೂತು, ಅಂಚನ್ನು ಎತ್ತರಿಸಿದೆ. ವಿನ್ಯಾಸಕ ಕೊಟ್ಟ ಇಳಿಜಾರಿಗಿಂತ ಈಗಿನದು ಕಡಿದು. ಮೇಲಿನ ಹುಲ್ಲುಹಾಸು ಸುತ್ತಿಟ್ಟು, ಆ ಮರಳು ತೆಗೆದು, ಹಳೆಯ ಮಟ್ಟಕ್ಕೆ ತಂದು ಮತ್ತೆ ಹಾಸಬೇಕು. ಸೀಸನ್ ಮುಗಿದ ಮೇಲೆ ಕೈ ಹಾಕಬೇಕಾದ ಮೊದಲ ಕೆಲಸ ಅದು. ಅದಕ್ಕೆ ದುಡ್ಡು ಕೇಳಿ ನಾನು ಕೊಟ್ಟ ಅರ್ಜಿ ಇನ್ನೂ ಕಮಿಟಿಯ ಮೇಜಿನ ಮೇಲಿದೆ.