ಶಹಾಬಾದಿಗೆ ಹೋಗುವವರು ಮೊದಲು ಕಲ್ಲು ನೋಡಲಿ

ನೆಲಕ್ಕೆ ಹಾಸುವ ಕಲ್ಲಿಗೆ ಹೆಸರಾದ ಶಹಾಬಾದ್ ಕಲಬುರಗಿಯಿಂದ ಸುಮಾರು 25 ಕಿಲೋಮೀಟರ್. ಬಸ್ ಇದೆ, ಆದರೆ ರೈಲಿನಲ್ಲಿಯೇ ಹೋಗಿ ಎನ್ನುತ್ತೇನೆ, ಏಕೆಂದರೆ ಈ ಊರು ಬೆಳೆದದ್ದೇ ಹಳಿಯ ಪಕ್ಕದಲ್ಲಿ. ಎಲ್ಲ ಎಕ್ಸ್‌ಪ್ರೆಸ್ ಗಾಡಿಗಳೂ ಇಲ್ಲಿ ನಿಲ್ಲುವುದಿಲ್ಲ. ಹೊರಡುವ ಮುನ್ನ ಹೋಗುವ ಗಾಡಿಯ ಜೊತೆಗೆ ಮರಳುವ ಗಾಡಿಯ ಸಮಯವನ್ನೂ ನೋಡಿಟ್ಟುಕೊಳ್ಳಿ.

ಮುಂಬೈ ಕಡೆಯಿಂದ ಬಂದ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ಪಕ್ಕದ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗ ತೆರೆಯಿತು. ಅಷ್ಟು ಭಾರದ ಹಾಸುಗಲ್ಲನ್ನು ಎತ್ತಿನ ಬಂಡಿಯಲ್ಲಿ ಎಷ್ಟು ದೂರ ಒಯ್ಯಲು ಸಾಧ್ಯವಿತ್ತು? ವ್ಯಾಗನ್ ಸಿಕ್ಕ ಮೇಲೆ ಇಲ್ಲಿನ ಪರ್ಸಿ, ಅಂದರೆ ಸುಣ್ಣದ ಕಲ್ಲಿನ ಹಾಸು ಹಲಗೆ, ದೂರದೂರದ ಮನೆಗಳ ನೆಲವಾಯಿತು, ಕಲ್ಲಿಗೆ ಊರಿನ ಹೆಸರೇ ನಿಂತಿತು. ಅದೇ ಸುಣ್ಣದ ಕಲ್ಲನ್ನು ನಂಬಿ 1920ರ ದಶಕದಲ್ಲಿ ಶಹಾಬಾದ್ ಸಿಮೆಂಟ್ ಕಂಪನಿ ಬಂತು. 1936ರಲ್ಲಿ ದೇಶದ ಹಲವು ಸಿಮೆಂಟ್ ಕಂಪನಿಗಳು ಒಂದಾಗಿ ಎಸಿಸಿ ಆದಾಗ ಅದರಲ್ಲಿ ಇದೂ ಸೇರಿತ್ತು. 1968ರಲ್ಲಿ ವಾಡಿಯಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಇತ್ತ ಶಹಾಬಾದಿನ ಹಳೆಯ ಕಾರ್ಖಾನೆ ಕೈಬದಲಾಗಿ, ಕೊನೆಗೆ ನಿಂತಿತು. ಕಾರ್ಖಾನೆಯ ಪಾಳಿಗೆ ತಕ್ಕಂತೆ ಏಳುತ್ತ ಮಲಗುತ್ತ ಇದ್ದ ಊರಿಗೆ ಅದು ಬರಿಯ ನೌಕರಿಯ ನಷ್ಟವಾಗಿರಲಿಲ್ಲ. ಕಲಬುರಗಿಯಲ್ಲಿ ಮುಚ್ಚಿಹೋದ ಎಂಎಸ್‌ಕೆ ಮಿಲ್ ಎಂಬ ಬಟ್ಟೆ ಗಿರಣಿ ಇಂದು ಬರಿಯ ಬಡಾವಣೆಯ ಹೆಸರಾಗಿ ಉಳಿದಿದೆ. ಇಲ್ಲಿ ಕಲ್ಲಿನ ಕಸುಬಾದರೂ ಉಳಿದಿದೆ ಎಂಬುದೇ ಸಮಾಧಾನ.

ಕಾರ್ಖಾನೆಯ ಒಳಗೆ ಹೋಗುವ ಆಸೆ ಬೇಡ, ಅನುಮತಿಯಿಲ್ಲದೆ ಬಿಡುವುದಿಲ್ಲ. ಆ ಸಮಯವನ್ನು ರಸ್ತೆ ಬದಿಯಲ್ಲಿ ಕಲ್ಲು ಪಾಲಿಶ್ ಮಾಡುವ ಅಂಗಳಗಳಿಗೆ ಕೊಡಿ. ಹಿರಿಯರನ್ನು ಕಾಕಾ ಎಂದು ಮಾತನಾಡಿಸಿ ಕೇಳಿದರೆ ನೋಡಲು ಬಿಡುತ್ತಾರೆ. ಕನ್ನಡವಾಗಲಿ ದಖನಿ ಉರ್ದುವಾಗಲಿ ಇಲ್ಲಿ ನಡೆಯುತ್ತದೆ. ಕೇಳದೆ ಫೋಟೊ ತೆಗೆಯಬೇಡಿ.

ನಾನು ನಿಂತು ನೋಡಿದ ಕಡೆ ಒಬ್ಬರು ಬೂದು ಬಣ್ಣದ ಹಲಗೆಗಳನ್ನು ಸಾಲಾಗಿ ಒರಗಿಸಿ, ಒಂದೊಂದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಿದ್ದರು. ಠಣ್ ಎಂದರೆ ಗಟ್ಟಿ. ಡಬ್ ಎಂದರೆ ಒಳಗೆ ಬಿರುಕಿದೆ, ಅದನ್ನು ಪಕ್ಕಕ್ಕೆ ಸರಿಸಬೇಕು. ಯಂತ್ರದ ಕೆಳಗೆ ನೀರು ಹರಿಯುತ್ತಿದ್ದಂತೆ ಒರಟು ಮೈ ನುಣುಪಾಗಿ, ಬೂದು ಬಣ್ಣ ನೀಲಿಗೆ ತಿರುಗುವುದನ್ನು ಅಲ್ಲೇ ಕಾಣಬಹುದು. ಹೊರಹರಿಯುವ ನೀರು ಮಾತ್ರ ಮಜ್ಜಿಗೆಯಂತಿರುತ್ತದೆ. ಭೀಮಾ ಕಣಿವೆಯ ಈ ಸುಣ್ಣದ ಕಲ್ಲು ಪದರ ಪದರವಾಗಿ ಮಲಗಿದೆ. ಸಂದು ಹಿಡಿದು ಉಳಿ ಇಟ್ಟು, ಹಾರೆಯಿಂದ ಮೀಟಿದರೆ ಹಲಗೆಯಾಗಿಯೇ ಏಳುತ್ತದೆ. ಅದಕ್ಕೇ ಈ ಭಾಗದಲ್ಲಿ ನೆಲ ಮಾತ್ರವಲ್ಲ, ಗೋಡೆ, ಮಾಳಿಗೆ, ಹೊಲದ ಬೇಲಿ ಕೂಡ ಪರ್ಸಿಯದೇ. ಹಳೆಯ ಓಣಿಗಳಲ್ಲಿ ತಲೆಯೆತ್ತಿ ನೋಡಲು ಮರೆಯಬೇಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಕೈಬಿಟ್ಟ ಖಣಿಗಳ ಅಂಚಿಗೆ ಹೋಗಬೇಡಿ. ನೀರು ತಿಳಿಯಾಗಿ ಕರೆಯುವಂತಿರುತ್ತದೆ, ಆದರೆ ಆಳ ಗೊತ್ತಾಗುವುದಿಲ್ಲ, ಅಂಚಿನ ಕಲ್ಲು ಸಡಿಲವಾಗಿರುತ್ತದೆ. ಮಕ್ಕಳಿದ್ದರೆ ಕೈ ಬಿಡಲೇಬೇಡಿ. ಮುಚ್ಚಿದ ಚಪ್ಪಲಿ ಅಥವಾ ಬೂಟು, ಧೂಳಿಗೆ ಒಂದು ವಸ್ತ್ರ, ಕುಡಿಯುವ ನೀರು ಜೊತೆಗಿರಲಿ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಕಲ್ಲು ಕಾದರೆ ನಿಲ್ಲುವುದೇ ಕಷ್ಟ. ಬೆಳಿಗ್ಗೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿಂದು ಬೇಗ ಹೊರಡಿ. ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಯ ಸಿಗುವ ಖಾನಾವಳಿ ಕೇಳಿಕೊಂಡು ಹೋಗಿ.

ಇನ್ನೊಂದು ದಿನ ಇದ್ದರೆ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಬಳಸಿದ್ದೂ ಈ ಸೀಮೆಯ ಸುಣ್ಣದ ಕಲ್ಲೇ. ಅಲ್ಲಿ ಸಿಕ್ಕ ಒಂದು ಫಲಕದಲ್ಲಿ ಅಶೋಕನ ಶಿಲ್ಪವಿದ್ದು, ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರೂ ಇದೆ. ಶಹಾಬಾದಿನ ಕೆಲಸಗಾರರ ಉಳಿ ನೋಡಿಕೊಂಡು ಹೋದವರಿಗೆ ಆ ಕೆತ್ತನೆ ಇನ್ನಷ್ಟು ತೆರೆದುಕೊಳ್ಳುತ್ತದೆ. ಅತ್ತ ಬಸ್ಸುಗಳು ಕಡಿಮೆ, ಆದ್ದರಿಂದ ಕಲಬುರಗಿಯಿಂದಲೇ ವಾಹನ ಮಾಡಿಕೊಳ್ಳುವುದು ಲೇಸು.