ಬಸ್ಸು ಫ್ರೀ, ಮಂಚ ಫ್ರೀ ಅಲ್ಲ

ಎಂಟು ದಿನ, ಏಳು ರಾತ್ರಿ, ಒಟ್ಟು ಖರ್ಚು 1,750 ರೂಪಾಯಿ. ಬಳ್ಳಾರಿಗೆ ವಾಪಸ್ ಬಂದು ಹಾಸ್ಟೆಲ್‌ನಲ್ಲಿ ಹೇಳಿದರೆ "ಬಸ್ ಫ್ರೀ ಐತಲ್ಲ, ಅದ್ರಾಗೇನ್ ದೊಡ್ಡಸ್ತಿಕೆ" ಅಂದಳು ರೂಮ್‌ಮೇಟ್. ಫ್ರೀ ಹೌದು. 2023ರ ಜೂನ್ 11ರಿಂದ ರಾಜ್ಯದ ಸರ್ಕಾರಿ ಬಸ್ಸಲ್ಲಿ ನಮ್ಮಂಥ ಹೆಣ್ಣುಮಕ್ಕಳಿಗೆಲ್ಲ ಶೂನ್ಯ ಟಿಕೆಟ್ಟು. ಆದರೆ ರಾತ್ರಿ ಮಲಗೋದೆಲ್ಲಿ? ಇಡೀ ಟ್ರಿಪ್ಪಿನಲ್ಲಿ ನಾನು ಲಾಡ್ಜಿನಲ್ಲಿ ಮಲಗಿದ್ದು ಒಂದೇ ಒಂದು ರಾತ್ರಿ, ಅದಕ್ಕೇ 600 ಹೋಯಿತು. ಇಬ್ಬರಿದ್ದರೆ ತಲಾ 300. ಒಬ್ಬಳೇ ಹೋದರೆ ಎರಡನೇ ಮಂಚದ ಬಾಡಿಗೆಯೂ ನಿಮ್ಮ ತಲೆ ಮೇಲೆಯೇ.

ಹೋಗಿದ್ದು ಅಶೋಕನ ಶಾಸನ ನೋಡೋಕೆ. ನಾನು ಎಂಎ ಇತಿಹಾಸ. ನಿಟ್ಟೂರು, ಉಡೇಗೋಳಂ ನಮ್ಮ ಬಳ್ಳಾರಿ ಜಿಲ್ಲೆಯವೇ, ಮೊದಲೇ ನೋಡಿದ್ದೆ. ಉಳಿದಿದ್ದು ರಾಯಚೂರು ಜಿಲ್ಲೆಯ ಮಸ್ಕಿ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡು. ನಡುವೆ ಎರಡು ಕೋಟೆ. ಆದರೆ ನಕ್ಷೆ ಹಾಕುವಾಗ ಶಾಸನಕ್ಕಿಂತ ಮುಂಚೆ ಕೇಳಿಕೊಂಡಿದ್ದು, ಯಾವ ಊರಲ್ಲಿ ಯಾರ ಮನೆ ಇದೆ ಅಂತ. ಸಿಂಧನೂರಲ್ಲಿ ಕ್ಲಾಸ್‌ಮೇಟ್‌ನ ಅತ್ತೆ, ಎರಡು ರಾತ್ರಿ. ರಾಯಚೂರಲ್ಲಿ ಡಿಗ್ರಿ ಗೆಳತಿಯ ಬಾಡಿಗೆ ರೂಮು, ಎರಡು ರಾತ್ರಿ. ಕೊಪ್ಪಳದಲ್ಲಿ ನಮ್ಮ ಚಿಕ್ಕಮ್ಮ, ಇನ್ನೆರಡು. ಲಿಂಗಸುಗೂರಲ್ಲಿ ಮಾತ್ರ ಯಾರೂ ಸಿಗಲಿಲ್ಲ.

ಸಿಂಧನೂರಿನ ಅತ್ತೆ ನನ್ನನ್ನು ಹಿಂದೆ ನೋಡಿದವರೇ ಅಲ್ಲ. "ಒಬ್ಬಾಕಿನ ಬಂದೀಯೇನ ಯವ್ವಾ?" ಅಂತ ಎರಡು ಸಲ ಕೇಳಿದರು, ಆಮೇಲೆ ಕೇಳಲಿಲ್ಲ. ಬೆಳಿಗ್ಗೆ ಮಸ್ಕಿಗೆ ಹೊರಟಾಗ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿ ಕೊಟ್ಟರು. ಕಟಿ ರೊಟ್ಟಿ, ವಾರ ಇಟ್ಟರೂ ಕೆಡಲ್ಲ. ಅದರಲ್ಲಿ ಎರಡು ಕೊಪ್ಪಳದವರೆಗೂ ಬ್ಯಾಗಿನಲ್ಲೇ ಇದ್ದವು.

ಮಸ್ಕಿ ಶಾಸನ 1915ರಲ್ಲಿ ಸಿಕ್ಕಿದ್ದು ಬೀಡನ್ ಅನ್ನೋ ಗಣಿ ಇಂಜಿನಿಯರ್‌ಗೆ, ಚಿನ್ನ ಹುಡುಕ್ತಾ ಬಂದವನಿಗೆ. ಅಲ್ಲಿವರೆಗೆ ಶಾಸನಗಳಲ್ಲಿ ಸಿಗುತ್ತಿದ್ದದ್ದು 'ದೇವಾನಾಂಪಿಯ', 'ಪಿಯದಸಿ' ಅನ್ನೋ ಬಿರುದುಗಳು. ಇಲ್ಲಿ 'ಅಸೋಕ' ಅನ್ನೋ ಹೆಸರೇ ಇದೆ. ಪುಸ್ತಕದಲ್ಲಿ ಹತ್ತು ಸಲ ಓದಿದ್ದೆ, ಆದರೆ ಬಂಡೆ ಮುಂದೆ ನಿಂತು ಆ ಬ್ರಾಹ್ಮಿ ಅಕ್ಷರ ಹುಡುಕುವಾಗ ಕೈ ಸುಮ್ನೆ ನಡುಗ್ತಿತ್ತು, ಅದು ಹಸಿವಿಗೋ ಖುಷಿಗೋ ಗೊತ್ತಾಗಲಿಲ್ಲ.

ಶೂನ್ಯ ಟಿಕೆಟ್ ಬಗ್ಗೆ ಒಂದು ಮಾತು. ಆಧಾರ್ ಕೈಗೆ ಸಿಗೋ ಹಾಗೆ ಇಟ್ಕೊಳ್ಳಿ, ಬ್ಯಾಗಿನ ತಳದಲ್ಲಿ ಬೇಡ. ರಶ್ಶಿನಲ್ಲಿ ಕಂಡಕ್ಟರ್ ಮಷಿನ್ ಹಿಡಿದು ನಿಂತಿರುವಾಗ ಬಟ್ಟೆಯೆಲ್ಲ ಹೊರಗೆ ತೆಗೆದು ಹುಡುಕಿದ್ದೀನಿ, ಅರ್ಧ ಬಸ್ಸು ನನ್ನ ಟವೆಲ್ ನೋಡಿತು. ರಾಯಚೂರಿನಿಂದ ಮಂತ್ರಾಲಯ ಹತ್ತಿರ ಅಂತ ಆಸೆಯಾಯಿತು, ಆದರೆ ಅದು ಆಂಧ್ರ, ಅಲ್ಲಿಗೆ ಫ್ರೀ ನಡೆಯಲ್ಲ. ಬಿಟ್ಟೆ. ರಾಯಚೂರಲ್ಲಿ 1294ರ ಕೋಟೆ ಸುತ್ತಿ, ಇಂದಿರಾ ಕ್ಯಾಂಟೀನಿನಲ್ಲಿ 10 ರೂಪಾಯಿಗೆ ಊಟ ಮಾಡಿದೆ. ಸಂಜೆ ಮಂಡಕ್ಕಿ ಮಿರ್ಚಿಗೆ ಅದಕ್ಕಿಂತ ಜಾಸ್ತಿ ಕೊಟ್ಟೆ ಅನ್ನೋದು ಬೇರೆ ವಿಷಯ.

ಇನ್ನು ಲಿಂಗಸುಗೂರು. ಮುದಗಲ್ ಕೋಟೆ ನೋಡಿ ಬರೋಷ್ಟರಲ್ಲಿ ಸಂಜೆ ಆರೂವರೆ. ಮೊದಲನೇ ಲಾಡ್ಜಿನವನು ನನ್ನ ಕಡೆ ನೋಡಲೂ ಇಲ್ಲ. ಟಿವಿ ನೋಡ್ತಾನೇ "ಒಬ್ರಿಗೆ ಕೊಡಲ್ಲ" ಅಂದ. ಹುಡುಗರಿಗೆ ಕೊಡ್ತೀರಲ್ಲ ಅಂದರೆ "ಅವ್ರು ಗಂಡಸ್ರು" ಅಂದ, ಏನೋ ನನಗೆ ಗೊತ್ತಿಲ್ಲದ ಸುದ್ದಿ ಹೇಳೋ ಹಾಗೆ. ಎರಡನೆಯವನು ಖಾಲಿ ಇಲ್ಲ ಅಂದ, ಹಿಂದಿನ ಹಲಗೆಯಲ್ಲಿ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು. ಮೂರನೆಯ ಕಡೆ ಕೌಂಟರ್‌ನಲ್ಲಿ ಒಬ್ಬ ಹೆಂಗಸು. ಕಾಲೇಜ್ ಐಡಿ ನೋಡಿದರು, ನನ್ನ ಫೋನಿನಿಂದಲೇ ಅಮ್ಮನಿಗೆ ಕಾಲ್ ಮಾಡಿಸಿ ಮಾತಾಡಿದರು, ಆಮೇಲೆ ರೂಮು ಕೊಟ್ಟರು. ಇಪ್ಪತ್ತೆರಡು ವರ್ಷದವಳಿಗೆ ಅಮ್ಮನ ಒಪ್ಪಿಗೆ ಯಾಕೆ ಅಂತ ಸಿಟ್ಟು ಬಂತು. ರೂಮಿನ ಚಿಲಕ ಗಟ್ಟಿ ಇತ್ತು, ಸಿಟ್ಟು ನುಂಗಿಕೊಂಡು ಮಲಗಿದೆ.

ಕೊಪ್ಪಳಕ್ಕೆ ಬಂದ ಮೇಲೆ ಆರಾಮ. ಗವಿಮಠದಲ್ಲಿ ಪ್ರಸಾದ ಉಂಡು, ಮೇಲೆ ಹತ್ತಿ ಶಾಸನ ನೋಡಿದೆ. ಪಾಲ್ಕಿಗುಂಡು ಹೆಸರಿಗೆ ತಕ್ಕ ಹಾಗೇ ಇದೆ, ಎರಡು ಬಂಡೆ ಮೇಲೆ ಒಂದು ಅಗಲವಾದ ಬಂಡೆ, ಥೇಟ್ ಪಲ್ಲಕ್ಕಿ. ಆಟೋದವನು ಹೇಳಿದ ರೇಟ್ ಕೇಳಿ ನಡೆದೇ ಹೋದೆ. ಒಟ್ಟು ಲೆಕ್ಕದಲ್ಲಿ 420 ರೂಪಾಯಿ ಆಟೋಗೇ ಹೋಗಿದೆ, ಊಟಕ್ಕೆ 730. ಬಸ್ಸು ಇಳಿದ ಮೇಲಿನ ಮೂರ್ನಾಲ್ಕು ಕಿಲೋಮೀಟರ್ ಯಾವತ್ತೂ ದುಬಾರಿ. ಬಂಡೆ ನೆರಳಲ್ಲಿ ಕೂತು ಅತ್ತೆಯ ಕೊನೆಯ ಎರಡು ರೊಟ್ಟಿ ಮುರಿದೆ. ಚಟ್ನಿ ಮುಗಿದಿತ್ತು, ಉಳ್ಳಾಗಡ್ಡಿ ಇತ್ತು.

ಇನ್ನು ಬಾಕಿ ಇರೋದು ಕಲಬುರಗಿ ಕಡೆಯ ಸನ್ನತಿ. ಚಿತ್ತಾಪುರದಲ್ಲಿ ನೆಂಟರಿರೋ ಗೆಳತಿ ಯಾರಾದರೂ ಇದ್ದಾಳಾ ಅಂತ ಕ್ಲಾಸಿನಲ್ಲಿ ವಿಚಾರಿಸ್ತಾ ಇದ್ದೀನಿ.