ಕಿಟಕಿಯ ಬೆಳಕಿಗೆ ಹಿಡಿದ ಕಬ್ಬಿಣ

1996ರಲ್ಲಿ ನಮ್ಮ ಕಾಲೇಜಿನ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದಾಗ ರೋಬಾಟನ್ನು ನಾನು ಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡಿದ್ದೆ. 1961ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಕಾದ ಎರಕದ ಬಿಡಿಭಾಗಗಳನ್ನು ಎತ್ತಿಡಲು ನಿಂತ ಯುನಿಮೇಟ್ ಎಂಬ ಒಂಟಿತೋಳಿನ ಯಂತ್ರ ಅದು. ನಮ್ಮ ಕೈಗೆ ಸಿಕ್ಕಿದ್ದು ಅರ, ಹ್ಯಾಕ್ಸಾ ಮತ್ತು 50 ಮಿ.ಮೀ. ಚೌಕದ ಒಂದು ಕಬ್ಬಿಣದ ತುಂಡು.

ಫಿಟ್ಟಿಂಗ್ ಮೇಷ್ಟ್ರು ನಾವು ಅರ ಹಾಕಿದ ಅಂಚಿಗೆ ಮೂಲೆಯ ನೇರ ನೋಡುವ ಟ್ರೈಸ್ಕ್ವೇರ್ ಒತ್ತಿ, ಕಿಟಕಿಯ ಕಡೆಗೆ ಎತ್ತಿ ಹಿಡಿಯುತ್ತಿದ್ದರು. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ನುಸುಳಿದರೂ ತುಂಡು ಮತ್ತೆ ಅದನ್ನು ಬಿಗಿಹಿಡಿಯುವ ವೈಸ್‌ಗೆ. ನನ್ನದು ಒಂಬತ್ತು ಸಲ ಹಿಂದಿರುಗಿತ್ತು. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅವರು ಬೈಯಲಿಲ್ಲ, ‘ನೀನೇ ನೋಡಪ್ಪಾ’ ಎಂದು ತುಂಡನ್ನು ನನ್ನ ಕೈಗಿಟ್ಟರು. ಅಷ್ಟೇ.

ಆಮೇಲೆ ಪೀಣ್ಯದ ಯಂತ್ರಭಾಗಗಳ ಕಾರ್ಖಾನೆಯಲ್ಲಿ ಪಾಳಿ ಕೆಲಸ, ನಂತರ ಉತ್ಪಾದನಾ ಯೋಜನೆ. 2012ರಲ್ಲಿ ಅಮೆಜಾನ್ ಸಂಸ್ಥೆ ಗೋದಾಮು ರೋಬಾಟ್ ತಯಾರಿಸುವ ಕಿವಾ ಸಿಸ್ಟಮ್ಸ್ ಅನ್ನು 77.5 ಕೋಟಿ ಡಾಲರ್‌ಗೆ ಕೊಂಡ ಸುದ್ದಿ ಓದಿದೆ. ಕೆಲಸಗಾರ ಕಪಾಟಿನ ಬಳಿಗೆ ನಡೆಯುವ ಬದಲು ರೋಬಾಟೇ ಕಪಾಟನ್ನು ಹೊತ್ತು ಅವನ ಬಳಿಗೆ ತರುತ್ತದೆ ಎಂಬ ಆ ವಿಚಾರ ನನ್ನ ನಿದ್ದೆ ಕೆಡಿಸಿತು. ದಿನವಿಡೀ ನಡೆದು ಸೋತ ಕಾಲುಗಳನ್ನು ನಾನು ಹತ್ತಿರದಿಂದ ಕಂಡವನು. ಕೆಲವು ವರ್ಷಗಳಲ್ಲಿ ನಾನೂ ಅದೇ ಕ್ಷೇತ್ರಕ್ಕೆ ಹೋದೆ. ಇಂದು ಗೋದಾಮು ರೋಬಾಟ್‌ಗಳ ಕಾರ್ಯಾಚರಣೆ ನನ್ನ ಹೊಣೆ.

ಹೊಸಕೋಟೆ ಕಡೆಯ ಒಂದು ಗೋದಾಮಿನಲ್ಲಿ ರೋಬಾಟ್‌ಗಳು ಒಂದೇ ಜಾಗಕ್ಕೆ ಬಂದು ನಿಂತುಬಿಡುತ್ತಿದ್ದವು. ನೆಲಕ್ಕೆ ಅಂಟಿಸಿದ ಕೋಡ್ ಚೀಟಿಗಳನ್ನು ಹೊಟ್ಟೆಯಡಿಯ ಕ್ಯಾಮೆರಾದಿಂದ ಓದಿಕೊಂಡು ಅವು ದಾರಿ ಹಿಡಿಯುತ್ತವೆ. ಚೀಟಿ ಬದಲಿಸಿದ್ದಾಯಿತು, ಕ್ಯಾಮೆರಾ ಒರೆಸಿದ್ದಾಯಿತು. ಸಾಫ್ಟ್‌ವೇರ್ ಹುಡುಗರು ಮೂರು ರಾತ್ರಿ ದಾಖಲೆಗಳನ್ನು ಜಾಲಾಡಿದರು. ನಾಲ್ಕನೆಯ ದಿನ ನಾನು ಉದ್ದನೆಯ ಅಲ್ಯೂಮಿನಿಯಂ ಮಟ್ಟಪಟ್ಟಿ ತರಿಸಿ ನೆಲದ ಮೇಲಿಟ್ಟೆ. ದೀಪ ಆರಿಸಿ, ಆಚೆ ಬದಿಯಲ್ಲಿ ಟಾರ್ಚ್ ಹಿಡಿಯಲು ಹೇಳಿ, ಈಚೆ ಹೊಟ್ಟೆಯ ಮೇಲೆ ಮಲಗಿದೆ. ಪಟ್ಟಿಯ ಕೆಳಗೆ ತೆಳ್ಳಗೆ, ಅಮಾವಾಸ್ಯೆ ಕಳೆದ ಚಂದ್ರನ ಹಾಗೆ ಬೆಳಕು ಬಾಗಿತ್ತು. ನೆಲ ಕುಸಿದಿತ್ತು. ಭಾರ ಹೊತ್ತ ರೋಬಾಟ್ ಅಲ್ಲಿ ಒಂದಿಷ್ಟು ವಾಲಿ, ಚೀಟಿಯನ್ನು ಕಾಣದೆ ನಿಲ್ಲುತ್ತಿತ್ತು. ಗಟ್ಟಿಯಾಗುವ ಎಪಾಕ್ಸಿ ಅಂಟು ತುಂಬಿ ಉಜ್ಜಿ ಮಟ್ಟ ಮಾಡಿಸಿದೆವು.

ಆ ರಾತ್ರಿಯೇ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಎಷ್ಟೋ ವರ್ಷಗಳಾಗಿದ್ದವು, ದನಿ ನಡುಗುತ್ತಿತ್ತು. ಎಲ್ಲವನ್ನೂ ಕೇಳಿಸಿಕೊಂಡು, ‘ತಗ್ಗು ಎಷ್ಟಿತ್ತು?’ ಎಂದರು.

‘ಮೂರು ಮಿಲಿಮೀಟರ್ ಸರ್.’

‘ಕಣ್ಣಂದಾಜೋ, ಸಂದಿಗೆ ಫೀಲರ್ ಗೇಜ್ ತೂರಿಸಿ ಅಳೆದೆಯೋ?’

‘ತೂರಿಸಿದೆ ಸರ್.’

‘ಹಾಗಾದರೆ ಸರಿ’ ಎಂದರು.